ಫಕ್ಕೀರಪ್ಪನ ಧಾಟಿ

ಯಂತ್ರ ತೋರಿಸಿದ ಅಂಕಿಯನ್ನು ಮಹದೇವಸ್ವಾಮಿ ಮೂರು ಸಲ ಓದಿದ. ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡು ಇನ್ನೊಂದು ಸಲ ಓದಿದ. ಅದೇನು ಪಾಪ ಅನ್ನಿಸಿ ಬದಲಾಗುವ ಪೈಕಿಯಲ್ಲ.

‘ಈ ವಾರ ನೀವು ಆಡಿದ್ದು ಮುನ್ನೂರ ಹನ್ನೆರಡು ಪದ. ಅದರಲ್ಲಿ ಬೇರೆಯವರ ಮಾತನ್ನು ಹಾಗೇ ತಿರುಗಿ ಹೇಳಿದ್ದು ಇನ್ನೂರ ಎಂಬತ್ತೊಂಬತ್ತು. ನಿಮ್ಮ ಧಾಟಿ ಗುರುತಿಸಲು ಮಾದರಿ ಸಾಲದು.’

ಅಂದರೆ ಸ್ವಂತದ್ದು ಅಂತ ಉಳಿದದ್ದು ಇಪ್ಪತ್ತಮೂರು ಪದ. ಏಳು ದಿನಕ್ಕೆ! ಅದರಲ್ಲೂ ಹನ್ನೆರಡು ‘ಹೂಂ’, ನಾಲ್ಕು ‘ಸಾಕು’, ಒಂದು ‘ಥೂ’. ಆ ‘ಥೂ’ ಹಾಲು ಉಕ್ಕಿದಾಗ ಅಂದದ್ದು. ಐವತ್ತೇಳು ವರ್ಷ ಅನ್ನ ತಿಂದ ಮನುಷ್ಯ ವಾರಕ್ಕೆ ಇಷ್ಟೇ ಮಾತಾಡಿದೆನೇ ಎಂದು ಅವನಿಗೇ ನಾಚಿಕೆಯಾಯಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಯಾರಾದರೂ ನೋಡಿಯಾರು ಎಂಬಂತೆ ಆ ಯಂತ್ರವನ್ನು ಸಾರಿನ ಪುಡಿಯ ಡಬ್ಬಿಯ ಹಿಂದೆ ಮರೆಮಾಡಿ ಇಟ್ಟ.

ಯಂತ್ರ ಅಂದರೆ ದೊಡ್ಡದೇನಲ್ಲ. ಅಂಗಿಯ ಜೇಬಿಗೆ ಸಿಕ್ಕಿಸಿಕೊಳ್ಳುವ ಒಂದು ಬಿಲ್ಲೆ, ಕಿವಿಗೆ ಇಟ್ಟುಕೊಳ್ಳುವ ಒಂದು ಕಾಳು. ದಾವಣಗೆರೆಯ ಹೊರಗಿನ ಧ್ವನಿ ಪ್ರಯೋಗಾಲಯದವರು ಅದಕ್ಕೆ ‘ಧಾಟಿ’ ಎಂದು ಹೆಸರಿಟ್ಟಿದ್ದರು. ಸಭೆಯಲ್ಲಿ ನಾಲ್ಕು ಮಾತಾಡು ಅಂದರೆ ಕೈಕಾಲು ನಡುಗುವವರನ್ನು ಮೈಕಿನ ಮುಂದೆ ನೆಟ್ಟಗೆ ನಿಲ್ಲಿಸುವುದು ಅದರ ಕೆಲಸ. ಹಳೆಯ ಯಂತ್ರಗಳ ಹಾಗೆ ಅದು ಭಾಷಣ ಬರೆದುಕೊಡುವುದಿಲ್ಲ. ನೀವು ಮನೆಯಲ್ಲಿ, ಚಹದಂಗಡಿಯಲ್ಲಿ, ನಾಲ್ಕು ಜನ ಸೇರಿದ ಕಡೆ ಹೇಗೆ ಮಾತಾಡುತ್ತೀರೋ ಅದನ್ನು ಕೇಳಿಸಿಕೊಳ್ಳುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ, ಯಾವ ಪದಕ್ಕೆ ಜೋತುಬೀಳುತ್ತೀರಿ, ಮಾತಿನ ಕೊನೆಯನ್ನು ಎಳೆಯುತ್ತೀರೋ ನುಂಗುತ್ತೀರೋ, ಎಲ್ಲವನ್ನೂ ಲೆಕ್ಕ ಹಾಕುತ್ತದೆ. ಅಂಗಳದಲ್ಲಿ ಚಪ್ಪಲಿ ಸದ್ದು ಕೇಳಿದರೆ ಬಂದವರು ಯಾರೆಂದು ಒಳಗಿನವರು ಹೇಳುವುದಿಲ್ಲವೇ, ಹಾಗೆ. ಆಮೇಲೆ ಅದೇ ಧಾಟಿಯಲ್ಲಿ ನಿಮಗೆ ಸಭೆಯ ಮಾತನ್ನು ರೂಢಿ ಮಾಡಿಸುತ್ತದೆ.

ಇಂಥದ್ದು ಬೇಕಾಗಿ ಬಂದದ್ದಕ್ಕೂ ಕಾರಣ ಇತ್ತು. ಹತ್ತು ವರ್ಷದ ಹಿಂದೆ ಊರವರೆಲ್ಲ ಯಂತ್ರದಿಂದ ಭಾಷಣ ಬರೆಸುವ ಚಟಕ್ಕೆ ಬಿದ್ದಿದ್ದರು. ನಿವೃತ್ತರನ್ನು ಬೀಳ್ಕೊಡುವವರು, ಶಾಲೆಯ ಕಟ್ಟಡ ಉದ್ಘಾಟಿಸುವವರು, ಸತ್ತವರನ್ನು ಹೊಗಳುವವರು, ಎಲ್ಲರದೂ ಒಂದೇ ಪಾಕ. ಒಂದು ಶೋಕಸಭೆಯಲ್ಲಿ ಅಧ್ಯಕ್ಷರೂ ಮುಖ್ಯ ಅತಿಥಿಯೂ ಒಂದಕ್ಷರ ಬದಲಿಲ್ಲದೆ ಒಂದೇ ಭಾಷಣ ಓದಿದ್ದರಂತೆ, ಇಬ್ಬರೂ ಒಂದೇ ಜಾಗದಲ್ಲಿ ಗದ್ಗದಿತರಾದರಂತೆ. ಜನಕ್ಕೆ ರೋಸಿಹೋಯಿತು. ಆಗ ಬಂದದ್ದು ಮೈಕಿನ ದೀಪ. ಮಾತು ಆಡುವವನ ಸ್ವಂತ ಧಾಟಿಯಾದರೆ ಹಸಿರು, ಇನ್ನೊಬ್ಬರದಾದರೆ ಕೆಂಪು. ಆ ಇನ್ನೊಬ್ಬರ ಧಾಟಿ ಸರ್ಕಾರದ ಧಾಟಿಕೋಶದಲ್ಲಿದ್ದರೆ ಕೆಳಗಿನ ಪಟ್ಟಿಯಲ್ಲಿ ಅವರ ಹೆಸರೂ ಬರುತ್ತದೆ. ಮಾತು ನಿಂತ ನಾಲ್ಕು ಉಸಿರಿಗೆ ಎರಡೂ ಆರಿಹೋಗುತ್ತವೆ. ಈಗ ಯಾವ ಸಭೆಗೇ ಹೋಗಿ, ಜನ ಭಾಷಣಕಾರನ ಮುಖ ನೋಡುವುದಿಲ್ಲ, ದೀಪ ನೋಡುತ್ತಾರೆ. ಕೆಂಪು ಬಂತೋ, ‘ನಕಲು, ನಕಲು’ ಎಂದು ಹಿಂದಿನ ಸಾಲು ನಗಲು ಶುರು.

ಮಹದೇವಸ್ವಾಮಿಗೆ ಇದೆಲ್ಲ ಯಾಕೆ ಬೇಕಿತ್ತು? ಅವನ ಪಾಡಿಗೆ ಅವನು ಮಾಳೇನಹಳ್ಳಿಯ ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದ. ಚಾಮರಾಜನಗರದ ಕಡೆಯವನು, ಇಪ್ಪತ್ತಾರು ವರ್ಷದಿಂದ ಇಲ್ಲೇ, ಸ್ಟೇಷನ್ನಿನ ಬೇಲಿಯ ಪಕ್ಕದ ಕ್ವಾರ್ಟರ್ಸಿನಲ್ಲಿ. ಮದುವೆ ಆಗಲಿಲ್ಲ. ತಾಯಿ ಇದ್ದಳು, ಒಂಬತ್ತು ವರ್ಷದ ಹಿಂದೆ ಅವಳೂ ಹೋದಳು. ಹೀಗೆ ಇದ್ದವನಿಗೆ ಒಂದು ದಿನ ಗದಗಿನ ಕಡೆಯ ಬೆನಕನಕೊಪ್ಪದಿಂದ ಫೋನು ಬಂತು.

“ಸ್ವಾಮ್ಯಾರ ಏನ್ರಿ? ನಾ ನೀಲವ್ವ. ಫಕ್ಕೀರಪ್ಪನವರ ಮನಿಯಾಕಿ.”

ಮಹದೇವಸ್ವಾಮಿ ಕೂತಿದ್ದವನು ಎದ್ದು ನಿಂತ.

“ಮುಂದಿನ ತಿಂಗಳ ಮೊದಲ್ನೇ ಐತವಾರ ಇವ್ರಿಗೆ ನುಡಿನಮನ ಇಟ್ಟಾರ್ರಿ. ಸಾಹೇಬ್ರು ಎಲ್ಲಾರೂ ಮಾತಾಡ್ತಾರಂತ. ಅವ್ರಿಗೆ ಇವ್ರ ಬಗ್ಗೆ ಏನ್ ಗೊತ್ತೈತಿ ಹೇಳ್ರಿ? ದಿನಾ ಮಾತಾಡಿದವ್ರು ನೀವು. ನೀವು ಬಂದ್ ನಾಕ್ ಮಾತ್ ಹೇಳ್ಬೇಕ್ ನೋಡ್ರಿ. ಇಲ್ಲ ಅನ್ನಬ್ಯಾಡ್ರಿ.”

“ಮೊದಲನೇ ಭಾನುವಾರ. ನಾಲ್ಕು ಮಾತು. ಇಲ್ಲ ಅನ್ನಬಾರದು,” ಎಂದ ಮಹದೇವಸ್ವಾಮಿ. ಹೇಳಿದ್ದನ್ನು ತಿರುಗಿ ಹೇಳುವುದು ಅವನ ಕಸುಬು.

*

ಆ ಕಸುಬಿನ ಬಗ್ಗೆ ಹೇಳಲೇಬೇಕು. ಮಾಳೇನಹಳ್ಳಿಗೂ ಬೆನಕನಕೊಪ್ಪಕ್ಕೂ ನಡುವೆ ಎರಡು ದೊಡ್ಡ ವಿದ್ಯುತ್ ಲೈನು ಹಾದುಹೋಗುತ್ತವೆ. ಸ್ಟೇಷನ್ನಿನ ಕೆಲಸವನ್ನೆಲ್ಲ ಈಗ ಯಂತ್ರಗಳೇ ಮಾಡುತ್ತವೆ. ಒಂದನ್ನು ಮಾತ್ರ ಯಾರೂ ಯಂತ್ರದ ಕೈಗೆ ಕೊಡಲಿಲ್ಲ. ರಿಪೇರಿಗೆ ಆಳುಗಳು ಕಂಬ ಹತ್ತುವ ಮುಂಚೆ ಎರಡು ತುದಿಯ ಇಬ್ಬರು ಮನುಷ್ಯರು ಫೋನಿನಲ್ಲಿ ಮಾತಾಡಬೇಕು. ಇದಕ್ಕೆ ಲೈನ್ ಕ್ಲಿಯರ್ ಅನ್ನುತ್ತಾರೆ. ಆ ತುದಿಯವನು, “ಒಂದನೇ ಲೈನ್ ಬಂದ್ ಮಾಡಿದ್ದೇನೆ, ಕೋಡ್ ನಾಲ್ಕು ಏಳು ಒಂದು,” ಅನ್ನುತ್ತಾನೆ. ಈ ತುದಿಯವನು ಅದನ್ನೇ ಅಕ್ಷರ ಬಿಡದೆ ತಿರುಗಿ ಹೇಳುತ್ತಾನೆ. ಕೇಳಿಸಿಕೊಂಡು ಆ ತುದಿಯವನು “ಸರಿ” ಅನ್ನಬೇಕು. ಆ ಒಂದು ‘ಸರಿ’ ಬರುವ ತನಕ ಇಲ್ಲಿ ಯಾರೂ ಕಂಬದ ಮೇಲೆ ಕಾಲಿಡುವಂತಿಲ್ಲ. ಕೆಲಸ ಮುಗಿದ ಮೇಲೆ ವಾಪಸ್ ಒಪ್ಪಿಸುವಾಗಲೂ ಹೀಗೇ. ಒಂದು ಅಂಕಿ ತಪ್ಪಿದರೆ ಮೇಲಿದ್ದವನು ಕರಕಲು.

ಇಪ್ಪತ್ತಾರು ವರ್ಷ ಆ ತುದಿಯ ಮನುಷ್ಯ ಫಕ್ಕೀರಪ್ಪ. ಇಬ್ಬರೂ ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳದೆ ಬೆಳಗಿನ ಪಾಳಿಯನ್ನೇ ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಮುಖ ನೋಡಿದ್ದಿಲ್ಲ. ಮಗಳ ಮದುವೆಗೆ ಫಕ್ಕೀರಪ್ಪ ಕರೆದಾಗ ಬದಲಿ ಆಪರೇಟರ್ ಕೈಕೊಟ್ಟ. ಇವನ ತಾಯಿ ತೀರಿಕೊಂಡಾಗ ಅವನಿಗೆ ರಜೆ ಸಿಗಲಿಲ್ಲ. ಇನ್ನೂ ಟೈಮ್ ಐತಲ್ರಿ, ರಿಟೈರ್ ಆದ್ಮ್ಯಾಲ ಬರ್ತೀನಿ ಅನ್ನುತ್ತಿದ್ದ. ಧ್ವನಿ ಕೇಳಿ ಮಹದೇವಸ್ವಾಮಿ ಒಂದು ಚಿತ್ರ ಕಟ್ಟಿಕೊಂಡಿದ್ದ: ಉದ್ದಕ್ಕೆ, ತೆಳ್ಳಗೆ, ಕುತ್ತಿಗೆಗೆ ಟವಲು.

ಅವನು ಸತ್ತ ಸುದ್ದಿ ಬಂದದ್ದೂ ಫೋನಿನಲ್ಲೇ. ಅವತ್ತು ಆ ತುದಿಯಲ್ಲಿ ಹೊಸ ಹೆಣ್ಣುದನಿ ಇತ್ತು.

“ಫಕ್ಕೀರಪ್ಪನವರು ಎಲ್ಲಿ?” ಎಂದು ಇವನು ಕೇಳಿದ.

“ಅವರು ಹೋಗಿಬಿಟ್ರು ಸರ್, ನಿನ್ನೆ ಚಹಾ ಕುಡೀತಾ ಕೂತಲ್ಲೇ. ಎರಡನೇ ಲೈನ್ ಬಂದ್ ಮಾಡಿದೀನಿ, ಕೋಡ್ ಎಂಟು ಎಂಟು ಮೂರು.”

ಮಹದೇವಸ್ವಾಮಿ ಅದನ್ನು ತಿರುಗಿ ಹೇಳಿದ. ಇಪ್ಪತ್ತಾರು ವರ್ಷದ ನಾಲಿಗೆ, ಅದಕ್ಕೆ ಯಾವುದನ್ನು ಹೇಳಬೇಕು ಯಾವುದನ್ನು ಬಿಡಬೇಕು ಎಂದು ಗೊತ್ತಾಗಲಿಲ್ಲ. “ಫಕ್ಕೀರಪ್ಪನವರು ಹೋಗಿಬಿಟ್ಟರು. ನಿನ್ನೆ ಚಹಾ ಕುಡಿಯುತ್ತಾ ಕೂತಲ್ಲೇ. ಎರಡನೇ ಲೈನ್ ಬಂದ್. ಕೋಡ್ ಎಂಟು ಎಂಟು ಮೂರು.”

“ಸರಿ,” ಎಂದು ಆ ಹುಡುಗಿ ಫೋನಿಟ್ಟಳು. ಅವಳದೇನು ತಪ್ಪು? ಆದರೆ ಆ ‘ಸರಿ’ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಅಂಥದ್ದನ್ನೂ ತಾನು ತಿರುಗಿ ಒಪ್ಪಿಸಿದೆನಲ್ಲ ಎಂದು ಅವತ್ತು ಅವನಿಗೆ ಊಟ ಸೇರಲಿಲ್ಲ.

*

ಮಾದರಿ ಸಾಲದು ಅಂದರೆ ಮಾತಾಡಬೇಕು, ಅಷ್ಟೇ ತಾನೆ? ಮಹದೇವಸ್ವಾಮಿ ಮಾರನೆಯ ವಾರ ಮಾತು ಹುಡುಕಿಕೊಂಡು ಹೊರಟ. ಕ್ಷೌರಕ್ಕೆ ಹೋದ. ಕೂದಲು ಕತ್ತರಿಸುವವನ ಎರಡೂ ಕಿವಿಯಲ್ಲಿ ಹಾಡು. ಚಹದಂಗಡಿಗೆ ಹೋಗಿ, “ಏನ್ ಸೆಕೆ ಅಲ್ವಾ?” ಎಂದ; ಅಂಗಡಿಯವನು ಫ್ಯಾನು ಇವನ ಕಡೆ ತಿರುಗಿಸಿ ತನ್ನ ಕೆಲಸಕ್ಕೆ ಹೋದ. ಬಸ್ಸು ಹತ್ತಿ ಹಿರಿಯೂರಿಗೆ ಹೋಗಿ ಬಂದ. ಪಕ್ಕದಲ್ಲಿ ಕೂತ ಹೆಂಗಸು ನಾಯಕನಹಟ್ಟಿ ಜಾತ್ರೆಯಿಂದ ಹಿಡಿದು ಸೊಸೆಯ ಥೈರಾಯ್ಡ್ ತನಕ ಒಂದೂವರೆ ಗಂಟೆ ಮಾತಾಡಿದಳು. ಇವನ ಪಾಲಿಗೆ ಬಂದದ್ದು ‘ಹೌದಾ’ ಒಂಬತ್ತು, ‘ಅಯ್ಯೋ’ ಆರು. ಮನೆಗೆ ಬಂದು ಗೋಡೆಯ ಮೇಲಿನ ತಾಯಿಯ ಫೋಟೋದ ಮುಂದೆ ಕುರ್ಚಿ ಹಾಕಿ ಕೂತ. “ಅವ್ವಾ,” ಎಂದ. ಕುಕ್ಕರ್ ಕೂಗಿತು, ಎದ್ದು ಹೋದ.

ಕೊನೆಗೆ ಒಂದು ಮಧ್ಯಾಹ್ನ ಬಿಲ್ಲೆಯನ್ನು ತೆಗೆದುಕೊಂಡು ಪ್ರಯೋಗಾಲಯಕ್ಕೇ ಹೋದ. ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್, ನಲವತ್ತರ ಆಸುಪಾಸಿನ ಚುರುಕು ಹೆಂಗಸು. ಇವನ ಅಂಕಿಗಳನ್ನು ನೋಡಿ ಅವಳು ನಗಲಿಲ್ಲ. ಅದಕ್ಕೇ ಅವನಿಗೆ ಅವಳ ಮೇಲೆ ಗೌರವ ಬಂತು.

“ಸರ್, ನೀವು ಸಲೀಸಾಗಿ ಯಾರ ಜೊತೆ ಮಾತಾಡ್ತೀರಿ?”

ಮಹದೇವಸ್ವಾಮಿ ಯೋಚಿಸಿದ.

“ಒಬ್ರಿದ್ರು ಮೇಡಂ. ಅದ್ಹೆಂಗಂದ್ರ, ಅವರಿಗೇ ಈಗ ನುಡಿನಮನ.”

“ಅವರ ಜೊತೆ ಮಾತಾಡಿದ್ದು ಎಲ್ಲಾದ್ರೂ ರೆಕಾರ್ಡ್ ಆಗಿದೆಯಾ?”

ಆಗದೆ ಏನು! ಸ್ಟೇಷನ್ನಿನ ಫೋನಿನಲ್ಲಿ ಆಡಿದ ಪ್ರತಿ ಮಾತೂ ನಿಯಮದ ಪ್ರಕಾರ ದಾಖಲಾಗುತ್ತದೆ. ಇಪ್ಪತ್ತಾರು ವರ್ಷದ್ದೂ ಇದೆ. ತಬಸ್ಸುಮ್ ಅನುಮತಿಗೆ ಬರೆದಳು, ಸ್ಟೇಷನ್ನಿನವರೂ ಒಪ್ಪಿದರು. ಎರಡು ವಾರ ಬಿಟ್ಟು ಬನ್ನಿ ಎಂದಳು.

ಎರಡು ವಾರ ಬಿಟ್ಟು ಹೋದಾಗ ಅವಳ ಮುಖ ಸಪ್ಪಗಿತ್ತು. ಪರದೆಯ ಮೇಲೆ ಎರಡು ಗೆರೆ, ಒಂದು ನೀಲಿ, ಒಂದು ಕಂದು. ಮೊದಮೊದಲು ದೂರ ದೂರ ಹರಿದು, ಬರುಬರುತ್ತ ಹತ್ತಿರ ಬಂದು, ಕೊನೆಗೆ ಯಾವುದು ಯಾವುದೆಂದು ತಿಳಿಯದ ಹಾಗೆ ಕೂಡಿಕೊಂಡಿದ್ದವು.

“ಕೋಡ್ ಬಿಟ್ಟು, ಮಧ್ಯೆ ಮಧ್ಯೆ ನೀವಿಬ್ರು ಆಡಿದ ಮಾತು ಹನ್ನೊಂದು ಗಂಟೆ ಇದೆ ಸರ್. ಇಪ್ಪತ್ತಾರು ವರ್ಷಕ್ಕೆ ಹನ್ನೊಂದು ಗಂಟೆ, ದಿನಕ್ಕೆ ನಾಲ್ಕು ಸೆಕೆಂಡು ಅಂತಿಟ್ಕೊಳ್ಳಿ. ಮಾದರಿಗೆ ಅಷ್ಟು ಸಾಕು. ಆದ್ರೆ ತೊಂದರೆ ಬೇರೆ ಇದೆ. ನಿಮಗೆ ಧಾಟಿ ಇದೆ. ಅದು ಅವರದು.”

“ಅಂದ್ರ?”

“ಈಗ ‘ಅಂದ್ರ’ ಅಂದ್ರಲ್ಲ, ನಿಮ್ಮ ಕಡೆಯವರು ‘ಅಂದ್ರೆ’ ಅಂತಾರೆ. ‘ಅದ್ಹೆಂಗಂದ್ರ’ ಅವರದು. ಮಾತು ಮುಗಿಸಿ ‘ಅಷ್ಟ ನೋಡ್ರಿ’ ಅನ್ನೋದು ಅವರದು. ದೊಡ್ಡ ಸಂಗತಿ ಹೇಳೋ ಮುಂಚೆ ಒಂದು ಉಸಿರು ನಿಲ್ಲಿಸ್ತೀರಿ, ಅದೂ ಅವರದು. ವಿಶ್ಲೇಷಣೆಗೆ ಹಾಕಿದಾಗ ನಿಯಮದ ಪ್ರಕಾರ ಇಬ್ಬರ ಧಾಟಿನೂ ಕೋಶಕ್ಕೆ ಸೇರಿಬಿಡ್ತು. ಯಾವ ಮಾತು ಯಾರು ಹೆಚ್ಚು ಆಡಿದಾರೋ ಅವರ ಹೆಸರಿಗೆ. ತೆಗೆಯೋಕೆ ಬರಲ್ಲ. ನಂದೇ ತಪ್ಪು, ಮುಂಚೆ ಯೋಚಿಸಬೇಕಿತ್ತು.”

ಅವಳು ಪಟ್ಟಿಯನ್ನು ಅವನ ಕಡೆ ತಿರುಗಿಸಿದಳು. ಫಕ್ಕೀರಪ್ಪನ ಹೆಸರಿನ ಕೆಳಗೆ ಅವನು ಹೆಚ್ಚು ಬಳಸಿದ ಮಾತುಗಳು ಸಾಲಾಗಿ ಇದ್ದವು. ಎಲ್ಲಕ್ಕಿಂತ ಮೇಲೆ ‘ಉಂಡ್ರಾ’. ನಾಲ್ಕು ಸಾವಿರದ ಮುನ್ನೂರು ಸಲ.

ಮಹದೇವಸ್ವಾಮಿ ಪಟಕ್ಕನೆ ಬೆರಳಿಟ್ಟ. “ಇದು ಅವರದಲ್ಲ ಮೇಡಂ! ಇದು ನಂದು. ನಮ್ಮವ್ವಂದು. ಯಾರೇ ಬಾಗ್ಲಿಗೆ ಬರಲಿ, ನಮ್ಮವ್ವ ಮೊದ್ಲು ಕೇಳ್ತಿದ್ದದ್ದೇ ‘ಉಂಡ್ರಾ’ ಅಂತ. ಆ ಕಡೆಯವರು ಹಿಂಗ್ ಕೇಳಲ್ಲ. ಊಟಾ ಆತೇನ್ರಿ ಅಂತಾರೆ.”

ತಬಸ್ಸುಮ್ ಏನೋ ಒತ್ತಿ ನೋಡಿದಳು. “ಹೌದು. ಮೊದಲ ಮೂರು ವರ್ಷ ನೀವು ಕೇಳಿದೀರಿ. ಆಮೇಲೆ ಅವರು ಶುರು ಮಾಡಿದಾರೆ. ನೀವು ನಿಲ್ಲಿಸಿದೀರಿ.”

ನಿಲ್ಲಿಸಿದ್ದು ನಿಜ. ಫಕ್ಕೀರಪ್ಪನೇ ಮೊದಲು ಕೇಳಿಬಿಡುತ್ತಿದ್ದನಲ್ಲ, ಇವನು ಉತ್ತರ ಹೇಳಿದರೆ ಸಾಕಿತ್ತು. ಒಬ್ಬರ ಮಾತು ಇನ್ನೊಬ್ಬರ ಮನೆಗೆ ಹೋಗಿ ಯಾವಾಗ ಅಲ್ಲಿಯದೇ ಆಯಿತೋ ಇಬ್ಬರಿಗೂ ತಿಳಿದಿರಲಿಲ್ಲ. ಮಹದೇವಸ್ವಾಮಿಗೆ ಕಣ್ಣು ತುಂಬಿ ಬಂತು. ಕನ್ನಡಕ ಒರೆಸುವ ನೆವ ಮಾಡಿದ.

“ಒಂದು ದಾರಿ ಇದೆ ಸರ್,” ಎಂದಳು ತಬಸ್ಸುಮ್. “ನಿಮ್ಮ ಹೆಸರಿಗೆ ಅಂತ ಒಂದು ಧಾಟಿ ಉಳಿದಿದೆ. ಕೋಡ್ ಓದೋ ಧಾಟಿ. ಅದು ಅಪ್ಪಟ ನಿಮ್ಮದು. ಅದರಲ್ಲಿ ರೂಢಿ ಮಾಡಿಸ್ತೀನಿ. ಹಸಿರು ಬರುತ್ತೆ. ಇಲ್ಲಾಂದ್ರೆ ಅವರ ಶೋಕಸಭೆಯಲ್ಲೇ ಕೆಂಪು ದೀಪ, ಕೆಳಗೆ ಅವರದೇ ಹೆಸರು. ಸತ್ತವರನ್ನ ಅಣಕಿಸ್ತಿದಾನೆ ಅಂದ್ಕೋತಾರೆ ಜನ. ಅವರ ಹೆಂಡ್ತಿ ಏನಂದ್ಕೋಬೇಕು?”

*

ಉಳಿದಿದ್ದ ಆರು ದಿನವೂ ಪಾಳಿ ಮುಗಿಸಿ ಬಂದು ಅಡುಗೆಮನೆಯಲ್ಲಿ ನಿಂತು ಅವನು ರೂಢಿ ಮಾಡಿದ. ಬಿಲ್ಲೆಯನ್ನು ಸ್ಟೌವಿನ ಪಕ್ಕ ಇಟ್ಟರೆ ಅದರ ಅಂಚಿನಲ್ಲೇ ಪುಟ್ಟ ದೀಪ ಹೊತ್ತುತ್ತಿತ್ತು. ಯಂತ್ರದ ಬಗ್ಗೆ ಸುಳ್ಳು ಹೇಳಬಾರದು, ಅದು ಒಳ್ಳೆಯ ಮೇಷ್ಟರು. “ಕೈ ಕಟ್ಟಿಕೊಳ್ಳಬೇಡಿ. ಕೊನೆಯ ಪದ ನುಂಗಬೇಡಿ. ಎರಡನೇ ಸಾಲಿನಲ್ಲಿ ಒಬ್ಬರನ್ನು ಆರಿಸಿಕೊಂಡು ಅವರಿಗೇ ಹೇಳಿ,” ಎಂದು ಸಮಾಧಾನದಿಂದ ತಿದ್ದುತ್ತಿತ್ತು. ಮೂರನೆಯ ದಿನಕ್ಕೆ ಕಾಲು ನಡುಗುವುದು ನಿಂತಿತು. ಐದನೆಯ ದಿನಕ್ಕೆ ಧ್ವನಿ ಗಟ್ಟಿಯಾಯಿತು.

“ಶ್ರೀ ಫಕ್ಕೀರಪ್ಪನವರು ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿದರು. ಒಂದು ದಿನವೂ ತಪ್ಪು ಕೋಡ್ ಕೊಡಲಿಲ್ಲ. ಅವರು ಪ್ರಾಮಾಣಿಕರು.”

ಹಸಿರು. ಅಚ್ಚ ಹಸಿರು. ಮೀಟರಿನ ಅಂಕಿ ಓದಿದ ಹಾಗಿತ್ತು. ಸುಳ್ಳು ಒಂದೂ ಇರಲಿಲ್ಲ, ಫಕ್ಕೀರಪ್ಪನೂ ಇರಲಿಲ್ಲ.

ಆರನೆಯ ದಿನ ರೂಢಿಯ ನಡುವೆ ಮಹದೇವಸ್ವಾಮಿ ಸುಮ್ಮನೆ ಒಂದು ಮಾತು ಅಂದುನೋಡಿದ. “ಅದ್ಹೆಂಗಂದ್ರ…” ದೀಪ ಕೆಂಪಾಯಿತು. ಪುಟ್ಟ ಪಟ್ಟಿಯಲ್ಲಿ ಹೆಸರು ಮೂಡಿತು. ನಾಲ್ಕು ಉಸಿರಿನ ಮೇಲೆ ಆರಿತು. ಅವನು ಮತ್ತೆ ಅಂದ, ಮತ್ತೆ ಹೆಸರು ಬಂತು. ಖಾಲಿ ಮನೆಯಲ್ಲಿ ಹುಚ್ಚನ ಹಾಗೆ ಅದೊಂದೇ ಮಾತನ್ನು ಹತ್ತು ಹನ್ನೆರಡು ಸಲ ಅಂದ. ಆಮೇಲೆ ನಾಚಿಕೆಯಾಗಿ ಬಿಲ್ಲೆಯನ್ನು ಮಗುಚಿ ಹಾಕಿ, ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡ.

*

ಬೆನಕನಕೊಪ್ಪದ ಸಮುದಾಯ ಭವನದಲ್ಲಿ ಮಧ್ಯಾಹ್ನ ಮೂರಕ್ಕೆ ಸಭೆ. ಬಾಗಿಲ ಬಳಿ ಹಾರ ಹಾಕಿದ ಫೋಟೋ. ಮಹದೇವಸ್ವಾಮಿ ಅದರ ಮುಂದೆ ನಿಂತು ಗೊಂದಲಕ್ಕೆ ಬಿದ್ದ. ಗುಂಡುಮುಖ, ದಪ್ಪ ಮೀಸೆ, ಗಿಡ್ಡ ಕುತ್ತಿಗೆ. ಟವಲು ಹೊದೆಯಲು ಜಾಗವೇ ಇಲ್ಲದ ಕುತ್ತಿಗೆ! ಇಪ್ಪತ್ತಾರು ವರ್ಷ ತಾನು ಮಾತಾಡಿದ್ದು ಈ ಮನುಷ್ಯನ ಜೊತೆಯೇ? ಯಾರದೋ ಸಾವಿಗೆ ತಪ್ಪಿ ಬಂದವನಂತೆ ಅನ್ನಿಸಿ, ಅವನು ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತ. ಅಷ್ಟು ಜನರ ನಡುವೆ ಅವನನ್ನು ಗುರುತಿಸುವವರು ಒಬ್ಬರೂ ಇರಲಿಲ್ಲ.

ಸಾಹೇಬರು ಮಾತಾಡಿದರು. ಹಸಿರು. ಸಂಘದ ಕಾರ್ಯದರ್ಶಿ ಮಾತಾಡಿದರು. ಹಸಿರು. ಚೆನ್ನಾಗಿಯೇ ಮಾತಾಡಿದರು, ಎಲ್ಲರೂ ಯಂತ್ರದಿಂದ ಪಳಗಿದವರು. ಮುಂದಿನ ಸಾಲಿನಲ್ಲಿ ನೀಲವ್ವ ಸೆರಗು ಹೊದ್ದು ಕೂತಿದ್ದಳು, ಪಕ್ಕದಲ್ಲಿ ಮೊಮ್ಮಗಳು. ಯಾರು ಏನಂದರೂ ನೀಲವ್ವನ ಮುಖ ಅಲ್ಲಾಡಲಿಲ್ಲ.

“ಈಗ ಮಾಳೇನಹಳ್ಳಿಯಿಂದ ಬಂದಿರುವ ಶ್ರೀ ಮಹದೇವಸ್ವಾಮಿಯವರು,” ಎಂದು ಕೂಗಿದಾಗ ಅವನು ಎದ್ದ. ಕಿವಿಯ ಕಾಳು ಮೆಲ್ಲಗೆ, “ಉಸಿರು ಬಿಡಿ. ಕಾಲು ಅಗಲಿಸಿ ನಿಂತುಕೊಳ್ಳಿ,” ಎಂದಿತು.

“ಶ್ರೀ ಫಕ್ಕೀರಪ್ಪನವರು ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿದರು,” ಎಂದು ಶುರುಮಾಡಿದ. ಹಸಿರು ದೀಪ. “ಒಂದು ದಿನವೂ ತಪ್ಪು ಕೋಡ್ ಕೊಡಲಿಲ್ಲ.” ಹಸಿರು. ಎರಡನೇ ಸಾಲು ನೋಡು ಎಂದು ಯಂತ್ರ ಕಲಿಸಿತ್ತು. ಅವನ ಕಣ್ಣು ಮೊದಲನೇ ಸಾಲಿಗೇ ಹೋಯಿತು. ನೀಲವ್ವ ಅವನನ್ನು ನೋಡುತ್ತಿರಲಿಲ್ಲ. ಮಡಿಲಲ್ಲಿದ್ದ ತನ್ನ ಕೈ ನೋಡಿಕೊಳ್ಳುತ್ತ ಕೂತಿದ್ದಳು, ಇವನದೂ ಇಷ್ಟೇ ಎಂಬಂತೆ. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

“ಅದ್ಹೆಂಗಂದ್ರ,” ಎಂದ ಮಹದೇವಸ್ವಾಮಿ.

ದೀಪ ಕೆಂಪಾಯಿತು. ನೀಲವ್ವ ತಲೆಯೆತ್ತಿದಳು.

“ಒಂಬತ್ತ್ ವರ್ಷದ್ ಹಿಂದ ನಮ್ಮವ್ವ ತೀರ್ಕೊಂಡ್ಲು. ಮೂರ್ನೇ ದಿನಕ್ಕ ನಾ ಡ್ಯೂಟಿಗ್ ಬಂದೆ. ಮನ್ಯಾಗ್ ಕೂತ್ ಏನ್ ಮಾಡ್ಲಿ? ಅವತ್ತ ನಾಕ್ ಮಂದಿ ಒಂದ್ನೇ ಲೈನಿನ ಕಂಬ ಹತ್ತಬೇಕಿತ್ತು. ಒಂದ್ನೇ ಲೈನ್ ಬಂದ್ ಮಾಡೀನಿ ಅಂತ ಇವ್ರು ಕೋಡ್ ಕೊಟ್ರು. ನಾ ತಿರುಗಿ ಹೇಳ್ದೆ.”

ಹಿಂದಿನ ಸಾಲಿನಲ್ಲಿ ಯಾರೋ “ನಕಲು” ಎಂದರು. ಇನ್ನೊಬ್ಬರು ಕಿಸಕ್ಕನೆ ನಕ್ಕರು. ಕಿವಿಯ ಕಾಳು, “ದೀಪ ಕೆಂಪಾಗಿದೆ. ನಿಮ್ಮ ಧಾಟಿಗೆ ಮರಳಲು ನೆರವಾಗಲೇ?” ಎಂದು ಕೇಳಿತು. ವೇದಿಕೆಯ ಮೇಲಿನ ಸಾಹೇಬರು ಪಟ್ಟಿಯಲ್ಲಿ ಮೂಡಿದ ಹೆಸರನ್ನು ಓದಿ ಕೆಂಡವಾಗಿ ಎದ್ದುನಿಂತರು. “ಏನ್ರೀ ಇದು? ಅವರ ಸಭೆಯಲ್ಲೇ ಅವರನ್ನ ಅಣಕಿಸ್ತೀರಾ? ಮೈಕ್ ಬಂದ್ ಮಾಡ್ರಿ!”

“ಅಲ್ಲೇನ್ ಬರದೈತವ್ವಾ?” ಎಂದು ನೀಲವ್ವ ಮೊಮ್ಮಗಳನ್ನು ಕೇಳಿದ್ದು ಆ ಗದ್ದಲದಲ್ಲೂ ಕೇಳಿಸಿತು.

“ಅಜ್ಜನ ಹೆಸರ್ ಐತಿ, ಅಜ್ಜಿ.”

ನೀಲವ್ವ ಕೂತಲ್ಲಿಂದಲೇ ಸಾಹೇಬರ ಕಡೆ ಕೈಯೆತ್ತಿದಳು. “ಸಾಹೇಬ್ರ, ಸುಮ್ನ ಕುಂದರ್ರಿ. ಅವ್ರು ಹೇಳ್ಲಿ.”

ಸಾಹೇಬರು ಕೂತರು. ಮಹದೇವಸ್ವಾಮಿ ಒಂದು ಉಸಿರು ನಿಲ್ಲಿಸಿದ.

“ನಾ ತಿರುಗಿ ಹೇಳ್ದೆ. ಎರಡ್ನೇ ಲೈನ್ ಅಂತ ಹೇಳ್ದೆ. ಎರಡ್ನೇದ್ರಾಗ ಕರೆಂಟ್ ಹರಿಯಾಕತ್ತಿತ್ತು. ಇವ್ರು ‘ಸರಿ’ ಅನ್ನಲಿಲ್ಲ. ಬೈಯಲೂ ಇಲ್ಲ. ಸುಮ್ನಿದ್ರು. ಆಮ್ಯಾಲ ಕೇಳಿದ್ರು, ಸ್ವಾಮ್ಯಾರ, ಉಂಡ್ರಾ ಅಂತ. ನಾ ಮೂರ್ ದಿನದಿಂದ ಉಂಡಿರಲಿಲ್ಲ. ಕೇಳಾಕ ಮನ್ಯಾಗ್ ಯಾರೂ ಇರ್ಲಿಲ್ಲ. ಇಲ್ರೀ ಅಂದೆ. ಮೊದಲ ಹೋಗಿ ಉಂಡ್ ಬರ್ರಿ, ಮಂದಿ ಕೆಳಗ ಕುಂದರ್ಲಿ, ಲೈನ್ ಎಲ್ಲೂ ಹೋಗೂದಿಲ್ಲ ಅಂದ್ರು. ಉಂಡ್ ಬಂದು ಹೇಳ್ದೆ, ಒಂದ್ನೇ ಲೈನ್ ಅಂತ. ಆಗ ‘ಸರಿ’ ಅಂದ್ರು. ಆ ನಾಕೂ ಮಂದಿ ಇವತ್ತಿಗೂ ಅದಾರ. ಇದನ್ನ ಅವ್ರು ಯಾರಿಗೂ ವರದಿ ಮಾಡ್ಲಿಲ್ಲ. ನಂಗೂ ಒಂದ್ ದಿನಾ ಎತ್ತಿ ಆಡ್ಲಿಲ್ಲ. ನಾ ಇವ್ರ ಮುಖ ಇವತ್ತ ನೋಡಿದ್ದು, ಅದೂ ಹಾರ ಹಾಕಿದ್ ಮ್ಯಾಲ. ಅಷ್ಟ ನೋಡ್ರಿ.”

ಹಿಂದಿನ ಸಾಲಿನ ನಗು ಯಾವಾಗಲೋ ನಿಂತಿತ್ತು. ಮಾತು ಮುಗಿದಿತ್ತು, ಇಳಿದು ಬರಬೇಕು. ಆದರೆ ಮಹದೇವಸ್ವಾಮಿ ಇಳಿಯಲಿಲ್ಲ. ತಾನು ಒಪ್ಪಿಸಿಯಾಗಿದೆ, ಆ ತುದಿಯಿಂದ ಇನ್ನೂ ‘ಸರಿ’ ಬಂದಿಲ್ಲ. ಅದು ಬಾರದೆ ಒಂದು ಹೆಜ್ಜೆಯನ್ನೂ ಇಡದ ಕಾಲು ಅವನದು. ಮೈಕಿನ ಮುಂದೆ ಕಾಯುತ್ತ ನಿಂತುಬಿಟ್ಟ.

ಕಿವಿಯ ಕಾಳು ಬಹಳ ಮೃದುವಾಗಿ, “ಅವರ ಧ್ವನಿಯಲ್ಲಿ ‘ಸರಿ’ ಎಂದು ಹೇಳಬಲ್ಲೆ. ಹೇಳಲೇ?” ಎಂದಿತು.

“ಬ್ಯಾಡ,” ಎಂದ ಅವನು ಗಟ್ಟಿಯಾಗಿಯೇ. ಯಾರಿಗೆ ಅಂದನೆಂದು ಸಭೆಗೆ ತಿಳಿಯಲಿಲ್ಲ.

ನಾಲ್ಕು ಉಸಿರು ಕಳೆಯಿತು. ದೀಪ ಆರಿತು. ಪಟ್ಟಿಯ ಮೇಲಿನ ಹೆಸರೂ ಹೋಯಿತು. ಮಹದೇವಸ್ವಾಮಿ ಕೊನೆಗೆ ಕಣ್ಣು ಒರೆಸಿಕೊಂಡು, ‘ಸರಿ’ ಇಲ್ಲದೆಯೇ, ಇಳಿಯಲೆಂದು ಮೆಟ್ಟಿಲ ಕಡೆ ತಿರುಗಿದ.

“ಆರಿತ್ ನೋಡ್ರಿ,” ಎಂದಳು ನೀಲವ್ವ.

ಅವನು ನಿಂತ.

“ಹೆಸರ್ ಹೋತ್ರಿ. ಇನ್ನೊಂದೀಟ್ ಮಾತಾಡ್ರಿ.”

“ಏನ್ ಮಾತಾಡ್ಲಿ ಅವ್ವಾ? ಇದ್ದದ್ದೆಲ್ಲಾ ಹೇಳ್ದೆ.”

“ಏನಾರ ಮಾತಾಡ್ರಿ. ಇವ್ರು ದಿನಾ ಹೊರಗಿಂದ ಬಂದ್ ಚಪ್ಪಲಿ ಬಿಡೂದ್ರಾಗ ಒಂದ್ ಮಾತ್ ಕೇಳ್ತಿದ್ರು. ನಮ್ಮ ಕಡೆ ಹಂಗ ಕೇಳೂದಿಲ್ಲ. ಎಲ್ಲಿಂದ ಕಲ್ತ್ ಬಂದಿದ್ರೋ ಏನೋ. ಅದನ್ನ ಕೇಳ್ರಿ.”

ಮಹದೇವಸ್ವಾಮಿಗೆ ಗೊತ್ತಾಯಿತು. ತಿರುಗಿ ಬಂದು ಮೈಕಿನತ್ತ ಬಾಗಿದ. ತನ್ನ ತಾಯಿ ಬಾಗಿಲಿಗೆ ಬಂದವರನ್ನು ಕೇಳುತ್ತಿದ್ದ ಹಾಗೆಯೇ ಕೇಳಿದ.

“ಉಂಡ್ರಾ?”

ದೀಪ ಕೆಂಪಗೆ ಹೊತ್ತಿತು. ಅದರ ಕೆಳಗೆ ಫಕ್ಕೀರಪ್ಪನ ಹೆಸರು ಮೂಡಿತು.

“ಇಲ್ರೀ, ಇನ್ನೂ ಇಲ್ಲ,” ಎಂದಳು ನೀಲವ್ವ. ಅವಳು ಮಹದೇವಸ್ವಾಮಿಯ ಕಡೆ ನೋಡುತ್ತಿರಲಿಲ್ಲ, ಆ ಹೆಸರಿನ ಕಡೆ ನೋಡುತ್ತಿದ್ದಳು.